ಕಮಲದ ಕಂಬದ ಮೂರನೆಯ ಫೋಟೋ

ಇಂಥ ಕಥೆಗಳನ್ನು ನಾನು ನಂಬಿದವನಲ್ಲ. ಹಂಪಿಯಲ್ಲಿ ಗೆಜ್ಜೆ ಸದ್ದು ಕೇಳಿದೆ, ಕಾಲುವೆ ದಂಡೆಯ ಮೇಲೆ ಬಿಳಿ ಸೀರೆ ಕಂಡೆ ಎಂದು ನನ್ನ ಸ್ಟುಡಿಯೋದಲ್ಲಿ ಕೂತು ಹೇಳಿದವರು ಎಷ್ಟೋ ಮಂದಿ. ಎಲ್ಲರಿಗೂ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಫೋಟೋ ಐತೇನು?" ಇರುತ್ತಿರಲಿಲ್ಲ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನನ್ನ ಪೇಚು ಏನೆಂದರೆ, ನನ್ನ ಹತ್ತಿರ ಫೋಟೋ ಇದೆ. ಕತ್ತಲಿತ್ತು, ಕರೆಂಟು ಹೋಗಿತ್ತು ಎಂದು ಜಾರಿಕೊಳ್ಳೋಣವೆಂದರೆ ಅದೂ ಸಾಧ್ಯವಿಲ್ಲ. ನಡೆದದ್ದು ಬೆಳಿಗ್ಗೆ ಹತ್ತೂವರೆಗೆ, ಸುಡು ಬಿಸಿಲಿನಲ್ಲಿ, ಹದಿನಾಲ್ಕು ಜನರ ಕಣ್ಣೆದುರು.

ಎಪ್ಪತ್ತರ ದಶಕದ ಮಾತು. ಹೊಸಪೇಟೆಯ ಸ್ಟೇಷನ್ ರಸ್ತೆಯ ಹತ್ತಿರ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಕಾಲುವೆ ನೀರು ಹರಿದು ಭತ್ತ, ಕಬ್ಬು ಕೈಹಿಡಿದಿದ್ದ ಕಾಲ ಅದು. ಜನ ಹೊಸ ಟ್ರಾನ್ಸಿಸ್ಟರ್ ಹೆಗಲಿಗೇರಿಸಿಕೊಂಡು ಫೋಟೋಕ್ಕೆ ಬರುತ್ತಿದ್ದರು. ಕಡ್ಡಿರಾಂಪುರದ ಒಬ್ಬ ಯಜಮಾನರು ಎರಡಾಳೆತ್ತರದ ಕಬ್ಬಿನ ಜಲ್ಲೆಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ತುದಿಯ ಗರಿಯೂ ತಪ್ಪದಂತೆ ಪಕ್ಕದಲ್ಲಿ ನಿಲ್ಲಿಸಿ ತೆಗೆಯಬೇಕೆಂದರು. ಜಲ್ಲೆ ಒಳಗೆ ಹಿಡಿಯದೆ ರಸ್ತೆಗೆ ಬಂದು, ಹಿಂದೆ ಹಿಂದೆ ಸರಿದು ತೆಗೆದುಕೊಟ್ಟೆ. ಫೋಟೋ ನೋಡಿ, "ಕಬ್ಬು ಬಂತು, ನಾನೆಲ್ಲಿ ಹೋದೆ?" ಎಂದು ಜಗಳಕ್ಕೇ ನಿಂತರು. ಫೋಟೋದಲ್ಲಿ ಯಾವುದಕ್ಕೂ ತನ್ನದೇ ಆದ ಎತ್ತರವಿಲ್ಲ, ಪಕ್ಕದಲ್ಲಿ ಏನಿದೆಯೋ ಅದೇ ನಮ್ಮ ಎತ್ತರ ಎಂಬುದು ಅವತ್ತು ನನಗೆ ಚೆನ್ನಾಗಿ ತಿಳಿಯಿತು. ತಿಳಿದದ್ದನ್ನು ನಾನು ಒಳ್ಳೆಯ ಕೆಲಸಕ್ಕೇನೂ ಬಳಸಲಿಲ್ಲ.

ಆಗ ಹುಡುಗ, ಹುಡುಗಿಯ ಎತ್ತರವನ್ನು ಹಿರಿಯರು ಫೋಟೋದಲ್ಲೇ ಅಳೆಯುತ್ತಿದ್ದರು. ನನ್ನ ಸ್ಟುಡಿಯೋದಲ್ಲಿ ಪ್ಲಾಸ್ಟಿಕ್ ಹೂವಿನ ಹೂದಾನಿ ಇಡುವ ಮರದ ಸ್ಟ್ಯಾಂಡೊಂದಿತ್ತು. ಸರಿಯಾಗಿ ಮೂರಡಿ. ಮದುವೆಗೆ ಫೋಟೋ ತೆಗೆಸುವವರೆಲ್ಲ ಅದರ ಪಕ್ಕದಲ್ಲೇ ನಿಲ್ಲಬೇಕು. ಫೋಟೋ ಕೈಗೆ ಬಂದವರು ಒಂದು ಬೆಂಕಿಕಡ್ಡಿಯನ್ನು ಸ್ಟ್ಯಾಂಡಿನ ಉದ್ದಕ್ಕೆ ಮುರಿದು, ಅದನ್ನು ಆಳಿನ ಮೇಲೆ ಕಾಲಿನಿಂದ ತಲೆಯವರೆಗೆ ಇಡುತ್ತಾ ಹೋಗುತ್ತಿದ್ದರು. "ಹುಡುಗ ಎರಡು ಕಡ್ಡಿಗೆ ಒಂಚೂರು ಕಡಿಮಿ" ಎಂದರೆ ಕಂಪ್ಲಿಯಿಂದ ಸಂಡೂರಿನವರೆಗೆ ಎಲ್ಲರಿಗೂ ಅರ್ಥವಾಗುತ್ತಿತ್ತು.

ನಾನು ಬಡಗಿಗೆ ಹೇಳಿ ಅದೇ ನಮೂನೆಯ ಇನ್ನೆರಡು ಸ್ಟ್ಯಾಂಡು ಮಾಡಿಸಿದೆ. ಒಂದು ಮೂರಿಂಚು ಗಿಡ್ಡ, ಇನ್ನೊಂದು ಮೂರಿಂಚು ಉದ್ದ. ಅದೇ ಬಣ್ಣ, ಅಳತೆಗೆ ತಕ್ಕ ಹೂದಾನಿ. ಗಿಡ್ಡ ಹುಡುಗರಿಗೆ ಗಿಡ್ಡ ಸ್ಟ್ಯಾಂಡು, ಉದ್ದ ಹುಡುಗಿಯರಿಗೆ ಉದ್ದ ಸ್ಟ್ಯಾಂಡು. ಯಾರಿಗೂ ಹೇಳಲಿಲ್ಲ. ನನ್ನ ಸ್ಟುಡಿಯೋದ ಫೋಟೋಕ್ಕೆ ಸಂಬಂಧ ಬೇಗ ಕೂಡುತ್ತದೆ, ನನ್ನ ಕೈಗುಣ ಒಳ್ಳೆಯದು ಎಂದು ಹೆಸರಾಯಿತು. ಪರೋಪಕಾರ ಎಂದು ನನಗೆ ನಾನೇ ಹೇಳಿಕೊಂಡು ಆರಾಮಾಗಿದ್ದೆ.

ನನ್ನ ತಂಗಿ ಗಿರಿಜಾ ಐದಡಿ ಎಂಟಿಂಚು. ಶಾಲೆಯಲ್ಲಿ ಟೀಚರು. ನೋಡಲು ಬಂದವರೆಲ್ಲ ಅವಳು ಕೂತಿರುವಾಗ ಮೆಚ್ಚಿ, ಎದ್ದು ನಿಂತಾಗ ಬಸ್ಸಿನ ಟೈಮು ಕೇಳುತ್ತಿದ್ದರು. ಮೊದಮೊದಲು ಅವಳೇ ಇದನ್ನು ಹೇಳಿಕೊಂಡು ನಗುತ್ತಿದ್ದಳು. ಬರಬರುತ್ತಾ ಹೆಗಲು ಮುಂದೆ ತಂದು, ಬೆನ್ನು ಬಗ್ಗಿಸಿ ನಡೆಯುವುದನ್ನು ರೂಢಿ ಮಾಡಿಕೊಂಡಳು. ಮನೆಯೊಳಗೂ ಹಾಗೇ. ನಮ್ಮ ಬಾಗಿಲಿಗೆ ಅವಳ ತಲೆ ತಾಕುವುದಿಲ್ಲ, ಆದರೂ ಬಗ್ಗಿ ದಾಟುತ್ತಿದ್ದಳು. ಅದನ್ನು ನನಗೆ ನೋಡಲಾಗಲಿಲ್ಲ. ಕೊನೆಗೆ ಅವಳನ್ನೂ ಉದ್ದ ಸ್ಟ್ಯಾಂಡಿನ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆದೆ. ಐದಡಿ ಮೂರಿಂಚಿಗೆ ಇಳಿದಳು. ಕಡ್ಡಿ ಲೆಕ್ಕದಲ್ಲಿ ಒಂದೂಮುಕ್ಕಾಲು.

ಒಂದು ವಾರಕ್ಕೇ ಮದುವೆ ದಲ್ಲಾಳಿ ಕೊಟ್ರಪ್ಪ ಕಂಪ್ಲಿಯ ಹುಡುಗನ ಫೋಟೋ ತಂದ. ರೈಸ್ ಮಿಲ್ಲಿನ ಮನೆತನ, ಹೆಸರು ಚಂದ್ರಶೇಖರ. ಗಿರಿಜಾ ಒಮ್ಮೆ ನೋಡಿ ಇಟ್ಟಳು. ನೀರು ಕುಡಿದು ಬಂದು ಮತ್ತೊಮ್ಮೆ ತೆಗೆದು ನೋಡಿದಳು. "ನಗಬಾರದು ಅಂತ ಭಾಳ ಕಷ್ಟಪಟ್ಟಾರ ನೋಡಣ್ಣಾ, ಆದ್ರೂ ನಗು ಬಂದೈತಿ" ಎಂದಳು. ಅವಳು ಯಾವ ಫೋಟೋವನ್ನೂ ಎರಡನೇ ಸಲ ಕೈಗೆತ್ತಿಕೊಂಡಿದ್ದು ನಾನು ಕಂಡಿರಲಿಲ್ಲ. ನಾನೂ ಖುಷಿಯಿಂದ ಇಣುಕಿದೆ. ಹುಡುಗನ ಪಕ್ಕದಲ್ಲಿ ನನ್ನದೇ ಗಿಡ್ಡ ಸ್ಟ್ಯಾಂಡು ನಿಂತಿತ್ತು.

ಆಗ ನೆನಪಾಯಿತು. ಬೆಲ್‌ಬಾಟಮ್ ಪ್ಯಾಂಟು ಹಾಕಿಕೊಂಡು ಗೆಳೆಯನ ಜೊತೆ ಬಂದಿದ್ದ ಆಸಾಮಿ. ಇದ್ದದ್ದು ಐದಡಿ ನಾಲ್ಕಿಂಚು, ನಾನು ಅವನನ್ನು ಐದಡಿ ಹತ್ತಿಂಚು ಮಾಡಿ ಕಳಿಸಿದ್ದೆ. ಈಗ ಹುಡುಗನ ಸುಳ್ಳು ಬಯಲು ಮಾಡಿದರೆ ನನ್ನ ತಂಗಿಯ ಸುಳ್ಳೂ ಬಯಲಾಗುತ್ತದೆ. ಎರಡೂ ಬಯಲಾದರೆ, ಅದುವರೆಗೆ ನನ್ನ ಫೋಟೋ ನೋಡಿ ಮದುವೆಯಾದ ಜೋಡಿಗಳ ಅಪ್ಪಂದಿರೆಲ್ಲ ಸ್ಟುಡಿಯೋ ಮುಂದೆ ಸಾಲುಗಟ್ಟುತ್ತಾರೆ. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಸ್ಟುಡಿಯೋದ ಚಿಂತೆಗಿಂತ, ಗಿರಿಜಾ ಆ ಫೋಟೋವನ್ನು ಪುಸ್ತಕದೊಳಗೆ ಇಟ್ಟುಕೊಂಡದ್ದೇ ನನ್ನನ್ನು ಹೆಚ್ಚು ಕೊರೆಯುತ್ತಿತ್ತು.

ಹಂಪಿಯಲ್ಲಿ ಹೆಣ್ಣು ನೋಡುವುದೆಂದಾಯಿತು. ಮಾತು ಮುರಿದರೆ ದೇವರಿಗೆ ಬಂದಿದ್ದೆವು ಎಂದು ಎರಡೂ ಕಡೆಯವರು ಹೇಳಿಕೊಳ್ಳಬಹುದು, ಅದೊಂದು ಅನುಕೂಲ. ಅವರ ಕಡೆ ಏಳು ಜನ, ನಮ್ಮ ಕಡೆ ಏಳು ಜನ. ಗುಡಿಯ ಹತ್ತಿರದ ಮಂಟಪವೊಂದರಲ್ಲಿ ಜಮಖಾನ ಹಾಸಿ, ಚಪ್ಪಲಿ ಹೊರಗೆ ಬಿಟ್ಟು ಕೂತೆವು. ಕೂತಿರುವಷ್ಟು ಹೊತ್ತು ಎಲ್ಲ ಚೆನ್ನಾಗಿತ್ತು. ಅವಲಕ್ಕಿ ಕೊಡಲು ಗಿರಿಜಾ ಎದ್ದಳು. ಹುಡುಗನ ಅಜ್ಜಿ ನೀಲಮ್ಮನವರ ಕಣ್ಣು ಅವಳ ಜೊತೆಗೇ ಮೇಲೇರಿತು, ಏರುತ್ತಲೇ ಹೋಯಿತು.

"ಏನ್ ಕೊಟ್ರಪ್ಪಾ, ಫೋಟೋದಾಗ ಒಂದೂಮುಕ್ಕಾಲು ಕಡ್ಡಿ ಇದ್ಳಲ್ಲ ಈ ಹುಡುಗಿ? ನಾನ ಅಳದೀನಿ."

ಕೊಟ್ರಪ್ಪ ನನ್ನ ಮುಖ ನೋಡಿದ. ನಾನು ಕ್ಯಾಮೆರಾದ ಲೆನ್ಸ್ ಒರೆಸತೊಡಗಿದೆ.

"ಬೇಯ್, ಇರ್ಲಿ ಬಿಡು" ಎಂದ ಹುಡುಗ.

"ನೀ ಸುಮ್ಮನಿರಲೇ. ಫೋಟೋದಪ್ಪಾ, ಏಳ್ರಿ. ಆ ಕಂಬಕ್ಕ ಇಬ್ರನ್ನೂ ನಿಂದರ್ಸಿ ಫೋಟೋ ಹೊಡೀರಿ. ಕಲ್ಲು ಸುಳ್ಳು ಹೇಳಂಗಿಲ್ಲ."

ಅಜ್ಜಿ ತೋರಿಸಿದ ಕಂಬದಲ್ಲಿ ಆಳೆತ್ತರಕ್ಕೆ ಒಂದು ಕಮಲ ಕೆತ್ತಿತ್ತು. ಇದನ್ನು ಯಾವ ಬಡಗಿಯೂ ಮೂರಿಂಚು ಕೊಯ್ಯಲಾರ ಎಂದುಕೊಂಡು ಕ್ಯಾಮೆರಾವನ್ನು ಅದರ ಮುಕ್ಕಾಲಿಗೇರಿಸಿದೆ. ಮೊದಲು ಗಿರಿಜಾ ಒಬ್ಬಳೇ ನಿಂತಳು. ಬೆನ್ನು ಬಗ್ಗಿಸಿ ನಿಂತವಳನ್ನು ಅಜ್ಜಿ "ನೆಟ್ಟಗ ನಿಂದ್ರವ್ವಾ" ಎಂದು ಗದರಿದರು. ತಲೆ ಸರಿಯಾಗಿ ಕಮಲದ ನಡುವಿಗೆ ಬಂತು. ಕ್ಲಿಕ್. ಆಮೇಲೆ ಹುಡುಗ ಒಬ್ಬನೇ. ಕಮಲಕ್ಕಿಂತ ಕೆಳಗೆ, ನಾಲ್ಕು ಬೆರಳು. ಕ್ಲಿಕ್. ನಮ್ಮ ತಾಯಿ ಅವಲಕ್ಕಿ ಡಬ್ಬಿಯ ಮುಚ್ಚಳ ಹಾಕಿದರು.

"ಇಬ್ರೂ ಕೂಡಿ ನಿಂದರ್ರಿ" ಎಂದರು ಅಜ್ಜಿ.

ಗಿರಿಜಾ ಅವನ ಪಕ್ಕಕ್ಕೆ ಹೋದಳು. ಏನೋ ಹೇಳಿದಳು, ಅವನೂ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ನಾನು ಫೈಂಡರಿನಲ್ಲಿ ಕಣ್ಣಿಟ್ಟೆ. ಇಟ್ಟ ಕಣ್ಣು ತೆಗೆದು ಬರಿಗಣ್ಣಿನಲ್ಲಿ ನೋಡಿದೆ. ಮತ್ತೆ ಇಟ್ಟೆ. ಗಿರಿಜಾಳ ತಲೆ ಕಮಲದ ನಡುವೆಯೇ ಇತ್ತು, ಬೆನ್ನು ನೆಟ್ಟಗೇ ಇತ್ತು. ಹುಡುಗನ ತಲೆ ಅವಳಿಗಿಂತ ಎರಡು ಬೆರಳು ಮೇಲಿತ್ತು.

"ಪ್ಯಾಂಟ್ ಏರ್ಸಲೇ!" ಅಜ್ಜಿ ಚೀರಿದರು. ಒಳಗೆ ಹಿಮ್ಮಡಿ ಎತ್ತಿದ್ದಾನೆ ಎಂದು ಅವರಿಗೂ ನನ್ನ ಹಾಗೇ ಅನುಮಾನ ಬಂದಿತ್ತು. ಪಾಪ, ಅವನು ಬೆಲ್‌ಬಾಟಮ್ಮನ್ನು ಮೊಳಕಾಲವರೆಗೆ ಎತ್ತಿ ಹಿಡಿದ. ಬರಿಗಾಲು, ಎರಡೂ ಹಿಮ್ಮಡಿ ನೆಲಕ್ಕೆ ಹತ್ತಿದ್ದವು, ಕೆಳಗೆ ಒಂದೇ ಚಪ್ಪಡಿ. ಅಜ್ಜಿ ಹತ್ತಿರ ಹೋಗಿ ಅವನ ಹಿಮ್ಮಡಿಯ ಕೆಳಗೆ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ಎದ್ದು ಅವನನ್ನು ನೋಡಿದರು, ಅವಳನ್ನು ನೋಡಿದರು. ನಾನು ಆ ಹೊತ್ತಿಗೆ ಬಟನ್ ಒತ್ತಿದೆ. ಪ್ಯಾಂಟು ಎತ್ತಿ ಹಿಡಿದ ವರ, ನಗು ತಡೆಯಲಾರದ ವಧು, ಎಲ್ಲಾ ಬಂದಿತ್ತು.

"ಜೋಡಿ ಸರಿ ಐತಿ" ಎಂದು ಅಜ್ಜಿ ಜಮಖಾನದ ಮೇಲೆ ಕುಕ್ಕರಿಸಿದರು. ಉಳಿದವರೆಲ್ಲ ಹೌದೆಂದರು. ತಾಯಿ ಡಬ್ಬಿಯ ಮುಚ್ಚಳ ತೆಗೆದರು.

ರಾತ್ರಿ ನೆಗೆಟಿವ್ ತೊಳೆದೆ. ಮೂರೂ ಒಂದೇ ಕಂಬ, ಒಂದೇ ದೂರ, ಕ್ಯಾಮೆರಾ ಒಂದಂಗುಲ ಅಲುಗಿಲ್ಲ. ಮೊದಲನೆಯದರಲ್ಲಿ ಅವಳು ಕಮಲಕ್ಕೆ, ಎರಡನೆಯದರಲ್ಲಿ ಅವನು ಕಮಲದ ಕೆಳಗೆ, ಮೂರನೆಯದರಲ್ಲಿ ಅವನು ಅವಳಿಗಿಂತ ಎರಡು ಬೆರಳು ಮೇಲೆ. ಮರುದಿನ ಬೆಳಿಗ್ಗೆ ಎರಡು ಕಳ್ಳ ಸ್ಟ್ಯಾಂಡುಗಳನ್ನೂ ಕೊಡಲಿಯಿಂದ ಒಡೆದು ನೀರೊಲೆಗೆ ಹಾಕಿದೆ. ಆಮೇಲೆ ಕೆಲವು ದಿನ ನನ್ನ ಕೈಗುಣ ಕೆಟ್ಟಿತು ಎಂದು ಗಿರಾಕಿಗಳು ಆಡಿಕೊಂಡರು.

ಮದುವೆಯ ದಿನ ಚಂದ್ರಶೇಖರ ಗಿರಿಜಾಳ ಕಿವಿಯ ಹತ್ತಿರ ಇದ್ದ. ಐದಡಿ ನಾಲ್ಕಿಂಚು, ಮೊದಲಿನ ಹಾಗೇ. ನಾನು ಕ್ಯಾಮೆರಾದ ಹಿಂದಿನ ಕರಿಬಟ್ಟೆಯೊಳಗಿಂದ ಹೊರಗೆ ಬರಲೇ ಇಲ್ಲ. ಅಜ್ಜಿ ಬಟ್ಟೆ ಸರಿಸಿ ಮುಖ ಒಳಗೆ ಹಾಕಿದರು.

"ಫೋಟೋದಪ್ಪಾ, ಅವತ್ತು ನಮಗೆಲ್ಲಾ ಏನಾಗಿತ್ತೋ?"

"ಗೊತ್ತಿಲ್ರಿ ಅಮ್ಮಾ" ಎಂದೆ. ನನ್ನ ಜೀವನದಲ್ಲಿ ಗಿರಾಕಿಗೆ ನಾನು ಹೇಳಿದ ಅಪ್ಪಟ ನಿಜಗಳಲ್ಲಿ ಅದೂ ಒಂದು. ಅವರು ಬೈಯಲಿಲ್ಲ. ಬೆರಳು ತೂರಿಸಿ ನೋಡಿದವರು ಅವರೇ ತಾನೇ, ಯಾರನ್ನು ಬೈದಾರು?

ವರ್ಷಗಳಾದ ಮೇಲೆ ಒಂದು ದೀಪಾವಳಿಯಲ್ಲಿ ಅವರಿಬ್ಬರೂ ಬಂದಿದ್ದಾಗ ಕೇಳಿಯೇಬಿಟ್ಟೆ: ಅವತ್ತು ಕಂಬದ ಹತ್ತಿರ ಏನು ಮಾತಾಡಿದಿರಿ? ಚಂದ್ರಶೇಖರ ನಕ್ಕ.

"ಏನಿಲ್ರೀ. 'ನಾ ಇನ್ನ ಬಗ್ಗಂಗಿಲ್ಲ ನೋಡ್ರಿ' ಅಂದ್ಳು. 'ಬಗ್ಗಬ್ಯಾಡ್ರಿ' ಅಂದೆ. ಅಷ್ಟ."

ಇದರಿಂದ ಏನು ತಿಳಿದ ಹಾಗಾಯಿತು? ಮಾತಿಗೆ ಮನುಷ್ಯ ಆರಿಂಚು ಬೆಳೆಯುವುದಿಲ್ಲ, ಬೆಳೆದರೂ ನೆಗೆಟಿವಿನಲ್ಲಿ ಬೀಳುವುದಿಲ್ಲ. ಎಷ್ಟೋ ಅನುಭವಸ್ಥ ಫೋಟೋಗ್ರಾಫರುಗಳಿಗೆ ಆ ಮೂರೂ ಚಿತ್ರ ತೋರಿಸಿದ್ದೇನೆ. ಎಲ್ಲರೂ ನನ್ನ ಹಳೆಯ ಸ್ಟ್ಯಾಂಡಿನ ಕಸುಬು ಗೊತ್ತಿದ್ದವರಂತೆ ನಕ್ಕು, "ಇದನ್ನ ಹ್ಯಾಂಗ ಮಾಡಿದ್ರಿ?" ಎಂದು ನನ್ನನ್ನೇ ಕೇಳುತ್ತಾರೆ. ಈಗಲೂ ಆಗಾಗ ಬಾಗಿಲು ಹಾಕಿಕೊಂಡು, ಬೆಂಕಿಕಡ್ಡಿ ಮುರಿದು ಅಳೆಯುತ್ತೇನೆ. ಎರಡು ಬೆರಳು, ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲ. ಅಷ್ಟರಲ್ಲಿ ಗಿರಿಜಾ ಊರಿಂದ ಬಂದರೆ ಬಾಗಿಲು ಬಡಿಯುತ್ತಾಳೆ. ತೆಗೆಯುತ್ತೇನೆ. ತಲೆಯೆತ್ತಿಕೊಂಡೇ ಒಳಗೆ ಬರುತ್ತಾಳೆ.