ಬೈಗುಳ ಮದ್ದಲ್ಲ ಎನ್ನುವ ಸ್ನೇಹಲತಾ

ಗ್ರೈಂಡರಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ಕಲ್ಲಿಗಂಟಿದ ಉದ್ದಿನ ಹಿಟ್ಟನ್ನು ಬಳಿಯುತ್ತಿರುವಾಗಲೇ ಸ್ನೇಹಲತಾರ ಫೋನು ಹೊಡೆದುಕೊಳ್ಳುತ್ತದೆ. ದೇಶದ ರಾಜಧಾನಿಯ ಜನಕಪುರಿ ಮಾರುಕಟ್ಟೆಯಲ್ಲಿರುವ ಅವರ ಹೋಟೆಲಿನ ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಕಿರುಬೆರಳಿನಲ್ಲಿ ಸ್ಪೀಕರ್ ಒತ್ತುತ್ತಾರೆ.

“ಅಕ್ಕಾ, ನಾನು ಬರಲ್ಲ. ನೀವು ಕಾಯಬೇಡಿ.” ಸುಮಿತ್ರಾಳ ದನಿ.

“ಯಾಕೆ, ಜ್ವರವಾ?”

“ಆ ನರ್ಸಮ್ಮನ ಬಾಯಿಗೆ ಮತ್ತೆ ಬೀಳಲಾರೆ.”

“ನೀನು ಮನೆಯಲ್ಲಿ ಕೂತರೆ ಅವಳಿಗೆ ಒಂದು ಕೆಲಸ ಕಡಿಮೆ, ಅಷ್ಟೇ. ಏಳು, ಸೀರೆ ಉಡು. ನಾನೇ ಬರ್ತೇನೆ.”

ಒಲೆ ಹಚ್ಚುತ್ತಿದ್ದ ಗಂಡ ಜಯಾನಂದ ತಿರುಗಿ ನೋಡುತ್ತಾರೆ. “ಬೆಳಗ್ಗೆ ಬೆಳಗ್ಗೆ ಇಷ್ಟು ಸಿಟ್ಟಾ ಮಾರಾಯ್ತಿ? ಹಿಟ್ಟು ಈಗಲೇ ಹುಳಿ ಬಂದೀತು.”

“ಬರಲಿ. ನಿಮ್ಮ ಸಾಂಬಾರಿಗೆ ಹುಣಸೆಹಣ್ಣು ಉಳಿಯುತ್ತದೆ.”

ಸಿಟ್ಟಿಗೆ ಕಾರಣವಿದೆ. ಹೋಟೆಲಿಗೆ ಬಂದು ಪರಿಚಯವಾದ ಸುಮಿತ್ರಾಳಿಗೆ ಮೈಭಾರದ ಜೊತೆಗೆ ಸಕ್ಕರೆ ಕಾಯಿಲೆ. ಮಂಡಿ ಸೋತು ಮೆಟ್ಟಿಲು ಹತ್ತಲಾರಳು. ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ವೈದ್ಯರು ಹೇಳಲು ವರ್ಷಗಟ್ಟಲೆ ಹಿಡಿಯಿತು. ಅದಕ್ಕೆ ಮುಂಚೆ ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆ ಆಗಬೇಕು. ಇವತ್ತು ತಪ್ಪಿದರೆ ಅವಳ ಹೆಸರು ಮತ್ತೆ ಆಪರೇಷನ್ನಿನ ಸಾಲಿನ ಕೊನೆಗೆ.

ಹೋದ ವಾರ ತಪ್ಪಿತ್ತು. ತಪ್ಪಿಸಿದ್ದು ಸ್ನೇಹಲತಾ! ಕುಂದಾಪುರದ ಕಡೆಯ ಈ ಹೋಟೆಲ್ ಕುಟುಂಬದಲ್ಲಿ, ಅಡುಗೆಮನೆಯ ಹೊಸ್ತಿಲು ದಾಟಿ ಬಂದವರನ್ನು ಬಾಯಿಗೆ ಏನೂ ಹಾಕದೆ ಕಳಿಸುವ ರೂಢಿಯಿಲ್ಲ. ಹೊರಡುವ ಗಡಿಬಿಡಿಯಲ್ಲಿ ಪರೀಕ್ಷೆಯ ಮಾತೇ ಮರೆತು, ಬೇಡ ಬೇಡ ಎಂದರೂ ಬಿಡದೆ ಬಿಸಿ ಇಡ್ಲಿ ತಿನ್ನಿಸಿಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಅವರು ಔಷಧದ ಕೌಂಟರಿನಲ್ಲಿ ನಿಂತಿದ್ದಾಗ ನರ್ಸ್ ಸುಮಿತ್ರಾಳನ್ನು ಇಡೀ ಸಾಲಿಗೆ ಕೇಳುವಂತೆ ಜಾಡಿಸಿದಳು: ಒಂದು ಬೆಳಗ್ಗೆ ಬಾಯಿ ಕಟ್ಟಲಾರದವಳಿಗೆ ಆಪರೇಷನ್ ಬೇರೆ ಕೇಡು! ಸುಮಿತ್ರಾ ಇಡ್ಲಿ ತಿನ್ನಿಸಿದವರ ಹೆಸರು ಹೇಳಲಿಲ್ಲ. ತಲೆ ತಗ್ಗಿಸಿ ಮನೆಗೆ ಹೋದಳು.

“ಅವಳು ನನ್ನ ಹೆಸರು ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ,” ಎನ್ನುತ್ತಾರೆ ಸ್ನೇಹಲತಾ.

ಈ ಉರಿ ಹಳೆಯದು. ಅವರ ಅಕ್ಕ ಶಾರದಾ ಉಸಿರು ಕಟ್ಟುತ್ತದೆ ಎಂದು ಹೋದ ಕಡೆಯಲ್ಲೆಲ್ಲ ಸಿಕ್ಕಿದ್ದು ಒಂದೇ ಉತ್ತರ: ತೂಕ ಇಳಿಸಿ, ಆಮೇಲೆ ಬನ್ನಿ. ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡುವ ಮನಸ್ಸು ಯಾರಿಗೂ ಬರಲಿಲ್ಲ. ಹೃದಯದ ಕವಾಟ ಕೆಟ್ಟಿದೆ ಎಂದು ತಿಳಿಯುವ ಹೊತ್ತಿಗೆ ಶಾರದಾ ಉಳಿಯುವಂತಿರಲಿಲ್ಲ. “ಸತ್ತ ಮೇಲೂ ನೆಂಟರು ಅಂದಿದ್ದು ಅದೇ. ತಿಂದು ತಿಂದು ಸತ್ತಳು ಅಂತ.”

ಆಮೇಲೆ ಸ್ನೇಹಲತಾರ ಕಣ್ಣು ಹೋಟೆಲಿನ ಮೂಲೆಗೆ ಹೋಯಿತು. ದಪ್ಪಗಿರುವ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಬೇಗ ಬೇಗ ದೋಸೆ ಮುಗಿಸಿ ಏಳುತ್ತಿದ್ದರು. ತಾವೂ ದಪ್ಪಗಿರುವ ಸ್ನೇಹಲತಾ ಹೋಗಿ ಎದುರಿಗೆ ಕೂರತೊಡಗಿದರು. ಮಾತು ಬೆಳೆಯಿತು. ಈಗ ಜನಕಪುರಿಯಿಂದಷ್ಟೇ ಅಲ್ಲ, ನಗರದಾಚೆಯ ಇಂದಿರಾಪುರಂನಿಂದಲೂ ಫೋನು ಬರುತ್ತದೆ: ಅಕ್ಕಾ, ಡಾಕ್ಟರ ಹತ್ತಿರ ಜೊತೆಗೆ ಬರ್ತೀರಾ?

ಜೊತೆಗೆ ಹೋಗುವುದು, ಅಷ್ಟೇ ಅವರ ಕೆಲಸ. ಓಡಿಹೋಗಬೇಕೆನಿಸಿದಾಗ ಕೈ ಹಿಡಿದು ಕೂರಿಸುವುದು. “ಬಿಪಿ ಬಂದವರಿಗೆ ಮಾತ್ರೆ ಕೊಡ್ತಾರೆ. ನಮಗೆ ಬೈಗುಳ ಕೊಡ್ತಾರೆ. ಬೈಗುಳದಿಂದ ಕರಗುವುದಾದರೆ ನಾವೆಲ್ಲ ಇಷ್ಟು ಹೊತ್ತಿಗೆ ಕಡ್ಡಿ ಆಗಬೇಕಿತ್ತು.”

ಸುಮಿತ್ರಾ ಕೊನೆಗೂ ಬರುತ್ತಾಳೆ. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಅದೇ ನರ್ಸ್, ಹಿಂದಿಯಲ್ಲಿ ಕೇಳುತ್ತಾಳೆ: “ಅಚ್ಛಾ ಆಂಟೀಜಿ, ಇವತ್ತಾದರೂ ಖಾಲಿ ಹೊಟ್ಟೇನಾ? ಇಲ್ಲ, ಪರಾಠಾ ಮುಗಿಸಿಕೊಂಡು ಬಂದಿರೋ?”

ಸಾಲಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಸ್ನೇಹಲತಾ ನಡುವೆ ನಿಂತು ತಮ್ಮ ಹರುಕುಮುರುಕು ಹಿಂದಿಯಲ್ಲೇ ಹೇಳುತ್ತಾರೆ. “ಅವತ್ತು ತಿನ್ನಿಸಿದ್ದು ನಾನು. ಇವಳು ಬೇಡ ಅಂದಳು, ನಾನು ಕೇಳಲಿಲ್ಲ. ಬೈಯುವುದಾದರೆ ನನಗೆ ಬೈಯಿರಿ, ಇಲ್ಲೇ, ಎಲ್ಲರ ಎದುರು. ಆದರೆ ಇವಳ ತೂಕ ನೋಡುವಾಗ ಬಾಗಿಲು ಹಾಕಿ. ಅದನ್ನು ಕೂಗಿ ಹೇಳಬೇಡಿ.”

“ನನಗೇನು ಬೇರೆ ಕೆಲಸ ಇಲ್ಲವಾ?”

“ಇದೇ ನಿಮ್ಮ ಕೆಲಸ.”

ನಕ್ಕವರು ಗೋಡೆ ನೋಡುತ್ತಾರೆ. ನರ್ಸ್ ಕ್ಷಮೆ ಕೇಳುವುದಿಲ್ಲ. ಸುಮಿತ್ರಾಳನ್ನು ಒಳಗೆ ಬಿಟ್ಟುಕೊಂಡು ದಡಾರನೆ ಬಾಗಿಲು ಹಾಕುತ್ತಾಳೆ. ಆದರೂ ಹಾಕುತ್ತಾಳೆ.

ತೋಳಿಗೆ ಹತ್ತಿ ಒತ್ತಿಕೊಂಡು ಹೊರಬಂದ ಸುಮಿತ್ರಾಳ ಮುಖ ಹಗುರಾಗಿದೆ. “ಆಯ್ತು ಅಕ್ಕಾ. ಸಾಲಿನಲ್ಲಿ ನನ್ನ ಹೆಸರು ಮುಂದೆ ಬಂತು.” ಆಮೇಲೆ ಸುಮ್ಮನೆ ಕೇಳುತ್ತಾಳೆ, “ನೀವು ಯಾವತ್ತಾದರೂ ತೋರಿಸಿಕೊಂಡಿದ್ದೀರಾ?”

“ನನ್ನದು ಹೋಟೆಲಿನವರ ಮೈ ಮಾರಾಯ್ತಿ. ಇದು ಇರುವುದೇ ಹೀಗೆ.” ಇಬ್ಬರೂ ನಗುತ್ತಾರೆ.

ಸುಮಿತ್ರಾ ನೀರು ಕುಡಿಯಲು ಹೋಗುತ್ತಾಳೆ. ಸ್ನೇಹಲತಾ ಗೋಡೆಗೆ ಒರಗಿ ನಿಲ್ಲುತ್ತಾರೆ. ಅಕ್ಕ ಹೋದ ಮೇಲೆ ತಮಗಾಗಿ ಯಾವ ವೈದ್ಯರ ಎದುರೂ ಕೂತಿಲ್ಲ. ಅಕ್ಕಿಮೂಟೆ ಸರಿಸುವಾಗ ಈಚೆಗೆ ಏದುಸಿರು ಬರುತ್ತದೆ. ಅದನ್ನು ಜಯಾನಂದರಿಗೂ ಹೇಳಿಲ್ಲ. ಇಷ್ಟು ಜನರನ್ನು ಎಳೆದು ತಂದವರಿಗೆ ತಮ್ಮನ್ನೇ ಎಳೆದು ತರುವ ಧೈರ್ಯ ಇರಲಿಲ್ಲ.

ಸುಮಿತ್ರಾ ಬಾಯಿ ಒರೆಸಿಕೊಂಡು ಬರುತ್ತಾಳೆ. “ಹೋಗೋಣವಾ?”

“ನೀನು ಗೇಟಿನ ಹತ್ತಿರ ನಿಂತಿರು, ಬಂದೆ,” ಎಂದು ಸ್ನೇಹಲತಾ ಅವಳನ್ನು ಮುಂದೆ ಕಳಿಸುತ್ತಾರೆ. ಆಮೇಲೆ ಹೊಸ ರೋಗಿಗಳು ಹೆಸರು ಬರೆಸುವ ಸಾಲಿನ ಕೊನೆಯಲ್ಲಿ ಹೋಗಿ ನಿಲ್ಲುತ್ತಾರೆ.