ಕಾವೇರಿಗೆ ಬಿಟ್ಟ ಕುಂಬಳಕಾಯಿಗಳು

ತೊಂಬತ್ತರ ದಶಕದಲ್ಲಿ ಎಂ.ಟೆಕ್ ಓದುತ್ತಿದ್ದಾಗ ನಾನು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಹೇಗೆ ಹರಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ ಹಿಡಿದಿದ್ದೆ. ಬೇಸಿಗೆಯಲ್ಲಿ ಅಲ್ಲಿ ಹೊಳೆ ಅಗಲವೇ ಹೊರತು ಆಳವಿಲ್ಲ. ಅಂಥ ತೆಳು ನೀರಿಗೆಂದೇ ಸಮೀಕರಣಗಳಿವೆ. ಹೊಳೆಯನ್ನು ಕಾಗದದ ಮೇಲೆ ಚೌಕ ಚೌಕವಾಗಿ ಕತ್ತರಿಸಿ ಕೊಟ್ಟರೆ, ಯಾವ ಚೌಕದಲ್ಲಿ ನೀರು ಎಷ್ಟು ಆಳ, ಎಷ್ಟು ವೇಗ ಅಂತ ಕಂಪ್ಯೂಟರು ಹೇಳುತ್ತದೆ. ಅದು ಹೇಳಿದ್ದು ಸರಿಯೇ ಅಂತ ನೋಡಲು ಹೊಳೆಯ ವೇಗವನ್ನು ಅಳೆಯಬೇಕು. ಅಳೆಯುವ ಯಂತ್ರ ಕಾಲೇಜಿನಲ್ಲಿ ಕೆಟ್ಟು ಕೂತಿತ್ತು.

ಸಿಹಿಗುಂಬಳ ಅರ್ಧ ಮುಳುಗಿ ತೇಲುತ್ತದೆ, ಗಾಳಿಗೆ ಓಡುವುದಿಲ್ಲ ಅಂತ ನನಗೆ ಹೊಳೆಯಿತು. ಕಿಕ್ಕೇರಿಯಲ್ಲಿ ಬೇಸಾಯ ಮಾಡುತ್ತಿದ್ದ ಚಿಕ್ಕಮ್ಮನ ಮಗ ಒಂದು ಮೂಟೆ ಕಾಯಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಮೇಲುಗಡೆ ಸೇತುವೆಯ ಹತ್ತಿರ ನಾನು ಕಾಯಿ ಬಿಡುವುದು, ಕೆಳಗಡೆ ಬಂಡೆಯ ಮೇಲೆ ನಿಂತ ಅವನು ಕಾಯಿ ಬಂದ ಕೂಡಲೇ ಟವಲು ಬೀಸುವುದು, ನಡುವೆ ಎಷ್ಟು ಹೊತ್ತಾಯಿತು ಅಂತ ನಾನು ಗಡಿಯಾರ ನೋಡಿ ಬರೆದುಕೊಳ್ಳುವುದು ಅಂತ ಮಾತಾಯಿತು.

ಟವಲು ಏಳಲೇ ಇಲ್ಲ. ಮೂಟೆ ಖಾಲಿಯಾದ ಮೇಲೆ ಅವನೇ ನಡೆದು ಬಂದು, ‘ಒಂದೂ ಬರ್ನಿಲ್ಲ ಕಣಕ್ಕ’ ಅಂದ. ನಡುವೆ ಇದ್ದ ಜೊಂಡಿನ ಹತ್ತಿರ ನೀರಿಗೆ ಭಾರಿ ತಡೆ ಇರಬೇಕು ಅಂದುಕೊಂಡು, ಕಂಪ್ಯೂಟರಿನಲ್ಲಿ ಅಲ್ಲಿ ತಡೆಯನ್ನು ಏರಿಸಿದೆ. ಅದು ನೀರನ್ನೆಲ್ಲ ಗುಡ್ಡೆ ಹಾಕಿ ಹಿಂದಕ್ಕೆ ಅಟ್ಟಿತು.

ನನ್ನ ಗೈಡು ಕಂಪ್ಯೂಟರು ಬಿಡಿಸಿದ ಚಿತ್ರ ನೋಡಿ, ‘ಏನಮ್ಮ, ಕಾವೇರಿ ವಾಪಸ್ಸು ಕೊಡಗಿಗೆ ಹೊರಟಿದಾಳೆ?’ ಎಂದರು. ಮುಂದಿನ ಭಾನುವಾರ ತಾವೇ ಬಂದರು.

ನಾನು ಬಿಟ್ಟ ಕಾಯಿಯ ಜೊತೆಗೇ ದಡದಲ್ಲಿ ನಡೆದೆವು. ಜೊಂಡಿನ ಮರೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಬ್ಬಾಕೆ ಮಾತು ನಿಲ್ಲಿಸದೆ ಕೈ ಚಾಚಿ, ಕಾಯಿ ಎತ್ತಿ ಬುಟ್ಟಿಗೆ ಹಾಕಿಕೊಂಡಳು.

‘ಅಮ್ಮ, ಅದು ನಮ್ಮ ಪ್ರಯೋಗದ್ದು,’ ಎಂದರು ಗೈಡು.

‘ನೀರಲ್ ಬಂದಿದ್ದು ಗಂಗಮ್ಮ ಕೊಟ್ಟಿದ್ದು ಕಣ್ ಸಾಮಿ. ಓದ್ ವಾರಾನೂ ಕೊಟ್ಟಿದ್ಲು. ವಸಿ ಸಣ್ಣಕಿದ್ವು.’

ಗೈಡು ವಾದಕ್ಕೆ ಇಳಿಯಲಿಲ್ಲ. ಪಾಂಡವಪುರದ ಸಂತೆಯಿಂದ ಬೂದುಗುಂಬಳ, ಕುಂಕುಮ, ಹರಳೆಣ್ಣೆ ತರಿಸಿದರು. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಕಾಯಿಗಳಿಗೆ ಬಳಿಸಿ ನೀರಿಗೆ ಬಿಡಿಸಿದರು.

‘ಯಾರೋ ದೃಷ್ಟಿ ತಗ್ದವ್ರೆ, ಮುಟ್ಬ್ಯಾಡ್ರೇ,’ ಅಂತ ಅದೇ ಹೆಂಗಸು ಎಲ್ಲರನ್ನೂ ದಡ ಹತ್ತಿಸಿದಳು. ಈಜುತ್ತಿದ್ದವರೂ ಎದ್ದು ಹೋದರು. ಇಡೀ ಹೊಳೆ ನಮ್ಮದಾಯಿತು. ಬಿಟ್ಟ ಕಾಯಿಯೆಲ್ಲ ಬಂಡೆ ದಾಟಿತು, ಟವಲು ಚೆನ್ನಾಗಿ ಆಡಿತು. ಲೆಕ್ಕವೂ ಕೂಡಿಬಂತು.

ಸಂಜೆ ಒಂದು ಕಾಯಿ ಉಳಿದಿತ್ತು. ಚಿಕ್ಕಮ್ಮನ ಮಗ ಅದನ್ನು ಮುಟ್ಟಲಿಲ್ಲ. ಉಪಾಯ ಹೇಳಿದ ಗೈಡೇ ಎರಡು ಹೆಜ್ಜೆ ಹಿಂದೆ ಸರಿದು, ‘ನೀನೇ ಇಟ್ಕೋಮ್ಮ,’ ಎಂದರು. ಬಿಸಾಕಲು ಮನಸ್ಸಾಗದೆ ಎತ್ತಿಕೊಂಡು ಬಸ್ಸಿಗೆ ಹೋದೆ. ಕಂಡಕ್ಟರು ಬಾಗಿಲಿಗೆ ಕೈ ಅಡ್ಡ ಇಟ್ಟು, ‘ನೀವ್ ಬೇಕಾರೆ ಅತ್ತಿ, ಅದು ಬ್ಯಾಡ,’ ಅಂದ. ನಾನು ಸೇತುವೆಗೆ ವಾಪಸ್ಸು ನಡೆದು ಅದನ್ನೂ ಹೊಳೆಗೆ ಬಿಟ್ಟೆ. ಗಡಿಯಾರ ನೋಡಲಿಲ್ಲ.