ದೊಡ್ಡಮ್ಮನ ಐದು ತಟ್ಟೆ

ನನ್ನ ಅಕ್ಷರ ಚೆನ್ನಾಗಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಮಾತುಗಳೂ ನನಗೆ ಹೆಚ್ಚು ಗೊತ್ತಿಲ್ಲ. ಹೈಸ್ಕೂಲನ್ನು ಎರಡನೇ ವರ್ಷದಲ್ಲೇ ಬಿಟ್ಟವಳು ನಾನು. ಸಂಜೆ ತರಗತಿಯ ಮೇಡಂ, ನಿಮಗೆ ಹತ್ತಿರದಿಂದ ಗೊತ್ತಿರುವ ಒಬ್ಬರ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಎಲ್ಲರದ್ದನ್ನೂ ಸೇರಿಸಿ ಒಂದು ಪುಸ್ತಕ ಮಾಡೋಣ ಎಂದರು. ತಪ್ಪಾದ ಕಡೆ ರಬ್ಬರಿನಿಂದ ಅಳಿಸಿದ್ದೇನೆ. ಎರಡು ಕಡೆ ಕಾಗದ ಹರಿದಿದೆ.

ನಾನು ಬರೆಯುತ್ತಿರುವುದು ನನ್ನ ಅಮ್ಮನ ಅಕ್ಕ ಮಲ್ಸುನ್ ಬಗ್ಗೆ. ಅಮ್ಮ ತೀರಿಕೊಂಡಾಗಿನಿಂದ ನಾನು ಅವಳ ಮನೆಯಲ್ಲೇ ಇದ್ದೇನೆ. ಬುಸಾನ್ ನಗರದ ಗುಡ್ಡದ ಮೇಲೆ, ಬಸ್ಸು ನಿಲ್ಲುವ ರಸ್ತೆಯಿಂದ ನೂರ ಹದಿನಾಲ್ಕು ಮೆಟ್ಟಿಲು ಹತ್ತಿದರೆ ನಮ್ಮ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಕಕ್ಕಸು ಅಂಗಳದಲ್ಲಿ, ಮೂರು ಮೆಟ್ಟಿಲು ಕೆಳಗೆ. ಅದು ನಮಗೂ ಪಕ್ಕದ ಮನೆಯವರಿಗೂ ಒಂದೇ.

ದೊಡ್ಡಮ್ಮನಿಗೆ ಅರವತ್ತೊಂದು ವರ್ಷ. ಗುಡ್ಡದ ಕೆಳಗಿನ ಬಟ್ಟೆ ಮಾರುಕಟ್ಟೆಯಲ್ಲಿ ಗೀಸುಕ್ ಎಂಬವಳ ಊಟದ ಹೋಟೆಲಿದೆ. ಅಲ್ಲಿಂದ ಅಂಗಡಿಗಳಿಗೆ ಮಧ್ಯಾಹ್ನದ ಊಟ ಹೊತ್ತು ಕೊಡುವುದು ದೊಡ್ಡಮ್ಮನ ಕೆಲಸ. ಅವಳು ಊಟ ಕೊಡುವ ಅಂಗಡಿಗಳ ಸಾಲಿಗೆ ಅವಳ ದಾರಿ ಎನ್ನುತ್ತಾರೆ. ಒಂದು ಅಗಲವಾದ ಅಲ್ಯೂಮಿನಿಯಂ ತಟ್ಟೆಯಲ್ಲಿ ಎರಡು ಊಟ: ಅನ್ನ, ಕುದಿಯುವ ಸಾರು, ಎಲೆಕೋಸಿನ ಉಪ್ಪಿನಕಾಯಿಯಾದ ಕಿಮ್ಚಿ, ಒಂದೆರಡು ಪಲ್ಯ. ಬಟ್ಟಲುಗಳ ಮೇಲೆ ಇನ್ನೊಂದು ತಟ್ಟೆ, ಅದರ ಮೇಲೆ ಮತ್ತೊಂದು, ಹೀಗೆ ಐದು. ತಲೆಯ ಮೇಲೆ ಬಟ್ಟೆಯ ಸಿಂಬೆ, ಸಿಂಬೆಯ ಮೇಲೆ ಐದು ತಟ್ಟೆ. ಕೈಯಿಂದ ಹಿಡಿಯುವುದಿಲ್ಲ. ಕೈಗಳು ಜನರನ್ನು ಸರಿಸುವುದಕ್ಕೆ ಬೇಕು. ಇಪ್ಪತ್ತೇಳು ವರ್ಷ ಅವಳು ಹೀಗೆ ಹೊತ್ತಳು, ಒಮ್ಮೆಯೂ ಚೆಲ್ಲಲಿಲ್ಲ ಎಂದು ಮಾರುಕಟ್ಟೆಯವರು ಹೇಳುತ್ತಾರೆ. ಹೊರುವವರು ಕಾಲಿನ ಕಡೆ ನೋಡುವಂತಿಲ್ಲ. ಗಲ್ಲ ಸ್ವಲ್ಪ ಇಳಿದರೂ ಮೇಲಿನ ತಟ್ಟೆ ಜಾರುತ್ತದೆ. ದಾರಿ ಕಾಲಿಗೇ ಗೊತ್ತಿರಬೇಕು.

ಅವಳ ಕಾಲು ಮುರಿದದ್ದು ಹೊರುವಾಗ ಅಲ್ಲ. ಆಗಸ್ಟ್ ಮೊದಲ ವಾರ, ಮಾರುಕಟ್ಟೆಗೆ ರಜೆ. ಬರಿಗೈಯಲ್ಲಿ ಮೆಟ್ಟಿಲು ಇಳಿಯುತ್ತಿದ್ದಳು. ಮಳೆ ಬಂದು ಪಾಚಿ ಕಟ್ಟಿತ್ತು. ಅಭ್ಯಾಸಬಲದಿಂದ ಆಗಲೂ ಕತ್ತು ನೆಟ್ಟಗಿಟ್ಟು ದೂರದ ಸಮುದ್ರದ ಕಡೆ ನೋಡುತ್ತಲೇ ಇಳಿಯುತ್ತಿದ್ದಳು. ಬಲಗಾಲು ಜಾರಿ ಒಳಕ್ಕೆ ತಿರುಚಿಕೊಂಡಿತು. ನಾನು ಓಡಿಹೋದಾಗ ಮೆಟ್ಟಿಲ ಮೇಲೆ ಕೂತಿದ್ದಳು. ಪಾದ ಬೇರೆ ಯಾರದ್ದೋ ಎಂಬ ಹಾಗೆ ಪಕ್ಕಕ್ಕೆ ತಿರುಗಿತ್ತು.

"ತಲೆ ಮೇಲೆ ಏನಾದ್ರೂ ಇದ್ದಿದ್ರೆ ಬೀಳ್ತಿರಲಿಲ್ಲ ಕಣೇ" ಎಂದಳು. ಅಷ್ಟೇ. ಅಳಲಿಲ್ಲ.

ಪಾದದ ಗಂಟಿನ ಹತ್ತಿರ ಎರಡು ಮೂಳೆ ಮುರಿದಿವೆ ಎಂದು ವೈದ್ಯರು ಹೇಳಿದರು. ಮಂಡಿಯವರೆಗೆ ಪ್ಲಾಸ್ಟರ್ ಹಾಕಿ, ಎಂಟು ವಾರ ಆ ಕಾಲನ್ನು ನೆಲಕ್ಕೆ ಊರಕೂಡದು ಎಂದರು. ದೊಡ್ಡಮ್ಮ ಅಲ್ಲೇ ಬೆರಳು ಮಡಚಿ ದಿನ ಎಣಿಸಿದಳು. ಸುಗ್ಗಿ ಹುಣ್ಣಿಮೆಯ ಹಬ್ಬ ಏಳನೇ ವಾರಕ್ಕೇ ಬರುತ್ತಿತ್ತು. ಹಬ್ಬದ ಮುಂಚಿನ ಹತ್ತು ದಿನ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಏಳುವುದಿಲ್ಲ, ಊಟ ಕೂತಲ್ಲಿಗೇ ಬರಬೇಕು.

ಮರುದಿನ ಗೀಸುಕ್ ಕಲ್ಲಂಗಡಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ತುಂಬಾ ಹೊತ್ತು ಬೇರೆ ಮಾತಾಡಿದಳು. ಎದ್ದು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು: "ಅಕ್ಕ, ಹಬ್ಬಕ್ಕೆ ಹತ್ತು ದಿನ ಇರೋವಾಗ ನೀನು ಬಂದ್ರೆ ಆ ದಾರಿ ನಿಂದೇ. ಅಲ್ಲೀವರೆಗೂ ಹುಡುಗೀನ ಕಳಿಸು. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ."

ದೊಡ್ಡಮ್ಮ ಆಗಲಿ ಎಂದಳು. ವೈದ್ಯರು ಹೇಳಿದ ಎಂಟು ವಾರಕ್ಕೆ ಇನ್ನೂ ಎರಡು ವಾರಕ್ಕಿಂತ ಜಾಸ್ತಿ ಬಾಕಿ ಉಳಿಯುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು.

ನೆಲದ ಮೇಲೆ ಮಲಗಿ, ನೆಲದ ಮೇಲೆ ಕೂತು, ನೆಲದ ಮೇಲೆ ಉಣ್ಣುವ ಮನೆಯಲ್ಲಿ ಒಂದು ಕಾಲಿನಿಂದ ಏಳುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು. ಗೋಡೆಗೆ ಬೆನ್ನು ಕೊಟ್ಟು, ಎರಡೂ ಅಂಗೈ ಊರಿ, ಸ್ವಲ್ಪ ಸ್ವಲ್ಪವಾಗಿ ಮೇಲೆ ಜರುಗುತ್ತಿದ್ದಳು. ಗೋಡೆಯ ಕಾಗದ ಆ ಜಾಗದಲ್ಲಿ ಸವೆದುಹೋಯಿತು. ಕಕ್ಕಸಿಗೆ ಕೂತುಕೊಂಡೇ ಮೆಟ್ಟಿಲು ಇಳಿಯುತ್ತಿದ್ದಳು. ಮಳೆಯ ದಿನ ಪ್ಲಾಸ್ಟರಿಗೆ ಕಿಮ್ಚಿ ಕಟ್ಟುವ ದಪ್ಪ ಚೀಲ ಸುತ್ತುತ್ತಿದ್ದೆ. ಬಿರುಗಾಳಿ ಬಂದ ಮೂರು ದಿನ ಬಕೆಟ್ಟೇ ಗತಿಯಾಯಿತು. ನಾನು ಅದನ್ನು ಎತ್ತಿಕೊಂಡು ಹೋಗುವಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಪ್ಲಾಸ್ಟರಿನೊಳಗೆ ಕೆರೆತ ಬಂದರೆ ಸ್ಟೀಲಿನ ಊಟದ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿದ್ದಳು. ಆ ಒಂದು ಕಡ್ಡಿಯನ್ನು ಬೇರೆಯೇ ಇಟ್ಟೆವು. ಮೂಳೆ ಕೂಡಲಿ ಎಂದು ನಾನು ದನದ ಕಾಲಿನ ಮೂಳೆಯನ್ನು ಬೆಳ್ಳಗಾಗುವವರೆಗೆ ಕುದಿಸಿ ಮೂರು ಹೊತ್ತೂ ಕೊಟ್ಟೆ.

ಎರಡನೇ ವಾರ ಒಂದು ದಿನ ನಾನು ಬರುವುದು ತಡವಾಯಿತು. ಹಸಿವಾಗಿ ಅವಳೇ ಸಾರು ಬಿಸಿ ಮಾಡಿಕೊಂಡಿದ್ದಾಳೆ. ಎರಡು ಕೈಯೂ ಊರುಗೋಲಿಗೆ ಹೋದವು, ತಲೆ ಖಾಲಿ ಇದೆಯಲ್ಲ ಎಂದು ಬಟ್ಟಲನ್ನು ತಲೆಯ ಮೇಲಿಟ್ಟುಕೊಂಡು ಕೋಣೆಗೆ ಹೊರಟಿದ್ದಾಳೆ. ಊರುಗೋಲಿನಲ್ಲಿ ನಡೆದರೆ ಮೈ ಕುಪ್ಪಳಿಸುತ್ತದೆ. ನಾನು ಬಾಗಿಲಿಗೆ ಬಂದಾಗ ಸಾರು ಅವಳ ಕಿವಿಯ ಹಿಂದೆ, ಕುಪ್ಪಸದೊಳಗೆ ಇಳಿಯುತ್ತಿತ್ತು. ಕತ್ತು ಕೆಂಪಾಗಿತ್ತು. ಒರೆಸಲು ಹೋದರೆ ಬಟ್ಟೆ ಕಿತ್ತುಕೊಂಡು, ನೆಲದ ಮೇಲೆ ತೆವಳುತ್ತಾ ಅವಳೇ ಒರೆಸಿದಳು.

ಅಂದಿನಿಂದ ಅಭ್ಯಾಸ ಶುರುವಾಯಿತು. ಬಟ್ಟಲುಗಳಿಗೆ ನೀರು ತುಂಬಿ, ಒಂದು ತಟ್ಟೆ, ಆಮೇಲೆ ಎರಡು, ಆಮೇಲೆ ಮೂರು ತಟ್ಟೆಯನ್ನು ಅವಳ ತಲೆಯ ಮೇಲೆ ನಾನು ಇಡಬೇಕು. ಪ್ಲಾಸ್ಟರಿನ ಕಾಲನ್ನು ಮುಂದೆ ಚಾಚಿ, ಗೋಡೆಗೆ ಒರಗದೆ ಒಂದು ಗಂಟೆ ಕೂರುತ್ತಿದ್ದಳು. ಕಾಲು ಮಲಗಿದೆ, ಕತ್ತೂ ಮಲಗಿಬಿಟ್ಟರೆ ಮತ್ತೆ ಏಳುವುದಿಲ್ಲ ಎನ್ನುತ್ತಿದ್ದಳು. ತೊಡೆ ಸಣ್ಣಗಾಗುತ್ತಿದ್ದುದು ನನಗೆ ಕಾಣುತ್ತಿತ್ತು.

ಅವಳ ದಾರಿಯನ್ನು ನಾನು ನಡೆಯುತ್ತಿದ್ದೆ. ನನಗೆ ತಲೆಯ ಮೇಲೆ ಹೊರಲು ಬರುವುದಿಲ್ಲ. ಕೈಯಲ್ಲಿ ಒಂದು ತಟ್ಟೆ, ಹೋಗುವುದು, ಬರುವುದು, ಮತ್ತೆ ಹೋಗುವುದು. ಸಾರು ಬಿಸಿ ಇದೆ, ದಾರಿ ಬಿಡಿ ಎಂದು ಕೂಗಬೇಕು. ನನ್ನ ಗಂಟಲಿನಿಂದ ಅದು ಹೊರಡುತ್ತಿರಲಿಲ್ಲ. ಜನರ ಬೆನ್ನ ಹಿಂದೆ ನಿಂತು ಅವರು ತಿರುಗುವವರೆಗೆ ಕಾಯುತ್ತಿದ್ದೆ.

"ಮುರಿದಿದ್ದು ನಿನ್ನ ದೊಡ್ಡಮ್ಮನ ಕಾಲು ತಾನೆ? ನಿನ್ನ ಬಾಯಿಗ್ಯಾಕೆ ಪ್ಲಾಸ್ಟರ್ ಹಾಕಿದ್ದಾರೆ?" ಎಂದು ಗುಂಡಿ ಮಾರುವ ಪ್ಯೋ ತಾತ ಕೇಳಿದರು. ಸುತ್ತ ಇದ್ದವರು ನಕ್ಕರು. ಅವರ ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಆದರೂ ಅದನ್ನು ಚಮಚದಿಂದ ಪಕ್ಕಕ್ಕೆ ಸರಿಸಿ ಉಂಡರು. ಬೇರೆಯವರು ತಟ್ಟೆಯನ್ನು ವಾಪಸು ಕಳಿಸಿದರು.

ಐದನೇ ವಾರ ಗೀಸುಕ್ ಒಬ್ಬನನ್ನು ಕರೆತಂದಳು. ಮಾ ಎಂದು ಹೆಸರು, ಐವತ್ತು ದಾಟಿದವನು, ಮೊದಲು ಬಟ್ಟೆಯ ಥಾನು ಸಾಗಿಸುತ್ತಿದ್ದವನು. ಅವನ ಕೈಗಾಡಿಗೆ ಮೂರು ಅಂತಸ್ತಿನ ಪೆಟ್ಟಿಗೆ ಕಟ್ಟಿಸಿದ್ದರು. ಒಂದೇ ಸಲಕ್ಕೆ ಹದಿನೆಂಟು ಊಟ, ಮುಚ್ಚಳ ಹಾಕಿ, ಬಿಸಿ ಬಿಸಿ. "ಸುಮ್ಮನೆ ನೋಡೋಣ ಅಂತ" ಎಂದು ಗೀಸುಕ್ ನನ್ನ ಮುಖ ನೋಡದೆ ಹೇಳಿದಳು.

ಆ ಸಂಜೆ ಮನೆಗೆ ಬಂದು ನಾಲ್ಕು ತಟ್ಟೆ ಇಟ್ಟೆ, ದೊಡ್ಡಮ್ಮ ಹೊತ್ತು ಕೂತಳು. ಮಾರುಕಟ್ಟೆ ಹೇಗಿತ್ತು ಎಂದು ಕೇಳಿದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಬರುತ್ತಿದ್ದರೆ ಒಳ್ಳೆಯದಿತ್ತು. ಕೈಗಾಡಿಯ ವಿಷಯ ಹೇಳಿದೆ, ಹದಿನೆಂಟು ಎಂಬ ಲೆಕ್ಕವನ್ನೂ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ತಟ್ಟೆ ಅಲ್ಲಾಡಲಿಲ್ಲ.

"ಬೊರಮ್, ಎಲೆಕೋಸಿಗೆ ಉಪ್ಪು ಹಾಕೋ ಟಬ್ಬಿದೆಯಲ್ಲ, ಅದರಲ್ಲಿ ಬಿಸಿನೀರು ತುಂಬು" ಎಂದಳು.

"ಯಾಕೆ ದೊಡ್ಡಮ್ಮ?"

"ತುಂಬು ಅಂದೆ."

ತಟ್ಟೆ ಇಳಿಸಿ, ಕೆಂಪು ಟಬ್ಬಿನಲ್ಲಿ ಬಿಸಿನೀರು ತುಂಬಿದೆ. ಅವಳು ಪ್ಲಾಸ್ಟರಿನ ಕಾಲನ್ನು ಅದರಲ್ಲಿ ಇಳಿಬಿಟ್ಟಳು. ವೈದ್ಯರು ಹೇಳಿದ ಎಂಟು ವಾರ ಇನ್ನೂ ಆಗಿಲ್ಲ ಎಂದೆ. ವೈದ್ಯರು ನಮ್ಮ ದಾರಿಯ ಊಟ ಹೊರುತ್ತಾರಾ ಎಂದಳು. ನೀರು ಸುಣ್ಣದ ಹಾಗೆ ಬೆಳ್ಳಗಾಯಿತು. ಆಮೇಲೆ ಕತ್ತರಿ ತಾ ಎಂದಳು, ಮಾಂಸ ಕತ್ತರಿಸುವ ನಮ್ಮ ಅಡುಗೆಮನೆಯ ಕತ್ತರಿ. ತಂದುಕೊಟ್ಟೆ. ಒದ್ದೆಯಾದ ಅಂಚು ಅವಳ ಕೈಗೆ ಎಟುಕಲಿಲ್ಲ, ಕಾಲು ಹಿಡಿದುಕೋ ಎಂದಳು. ಹಿಡಿದುಕೊಂಡೆ. ಬೇಡ ಎಂದು ಗಟ್ಟಿಯಾಗಿ ಒಂದು ಸಲ ಹೇಳಬಹುದಿತ್ತು. ಮಾರುಕಟ್ಟೆಯಲ್ಲಿ ಬರದ ಮಾತು ಮನೆಯಲ್ಲೂ ಬರಲಿಲ್ಲ. ಒಳಗಿದ್ದ ಕಾಲು ತೆಳ್ಳಗೆ, ಬೂದಿ ಬಣ್ಣಕ್ಕೆ ತಿರುಗಿತ್ತು. ವಾಸನೆ ಬರುತ್ತಿತ್ತು. ಅವಳು ಅದನ್ನು ಸೋಪು ಹಚ್ಚಿ ತೊಳೆದು, ಹಳೇ ಬಟ್ಟೆಯಿಂದ ಬಿಗಿಯಾಗಿ ಸುತ್ತಿದಳು.

ಹಬ್ಬಕ್ಕೆ ಸರಿಯಾಗಿ ಹತ್ತು ದಿನ ಇರುವಾಗ ಅವಳು ಹೋಟೆಲಿಗೆ ಹೋದಳು. ಗೀಸುಕ್ ಕಾಲಿನ ಕಡೆ ನೋಡಿದಳು. ಕೈಗಾಡಿಯನ್ನು ಆಚೆ ಬೀದಿಗೆ ಕಳಿಸಿದಳು. ಮೊದಲ ದಿನ ಮೂರು ತಟ್ಟೆ. ಎರಡನೇ ದಿನ ನಾಲ್ಕು. ನಾನು ಹಿಂದೆಯೇ ನಡೆಯುತ್ತಿದ್ದೆ. ಸೊಂಟದ ಮೇಲೆ ನೋಡಿದರೆ ಮೊದಲಿನ ದೊಡ್ಡಮ್ಮನೇ. ಬಲ ಪಾದ ಮಾತ್ರ ಹೆಜ್ಜೆಹೆಜ್ಜೆಗೂ ಹೊರಕ್ಕೆ ವಾಲುತ್ತಿತ್ತು. ಪ್ಯೋ ತಾತ ಬಿಸಿ ಸಾರು ಕುಡಿದು, ಸೇನಾಪತಿ ವಾಪಸು ಬಂದ್ರು ಎಂದರು. ಅವಳು ನಕ್ಕಳು. ಹಣೆಯಲ್ಲಿ ಬೆವರಿತ್ತು.

ಮೂರನೇ ದಿನ ಐದು ತಟ್ಟೆ ಹೊತ್ತಳು. ಲೈನಿಂಗ್ ಬಟ್ಟೆಯ ಅಂಗಡಿಗಳ ಓಣಿಯಲ್ಲಿ ನನಗೆ ಒಂದು ಸಣ್ಣ ಸದ್ದು ಕೇಳಿಸಿತು, ಒಣಗಿದ ಕಡ್ಡಿ ಮುರಿದ ಹಾಗೆ. ದೊಡ್ಡಮ್ಮ ನಿಂತಳು. ಬೀಳಲಿಲ್ಲ. ಕತ್ತು ನೆಟ್ಟಗಿಟ್ಟುಕೊಂಡು, ಎಡಗಾಲನ್ನು ನಿಧಾನವಾಗಿ ಮಡಚುತ್ತಾ, ನೀರಿಗೆ ಇಳಿಯುವವಳ ಹಾಗೆ ನೆಲಕ್ಕೆ ಕೂತಳು. ಮುಖದಲ್ಲಿ ರಕ್ತವಿರಲಿಲ್ಲ.

"ಇಳಿಸ್ಕೋ" ಎಂದಳು. "ಮೇಲಿಂದ ಒಂದೊಂದೇ."

ನಾನೂ ಲೈನಿಂಗ್ ಅಂಗಡಿಯ ಹೆಂಗಸರೂ ಒಂದೊಂದೇ ಇಳಿಸಿದೆವು. ಹತ್ತು ಬಟ್ಟಲು ಸಾರು. ಒಂದು ಹನಿಯೂ ಚೆಲ್ಲಿರಲಿಲ್ಲ. ಕೊನೆಯ ತಟ್ಟೆ ಇಳಿಸಿದ ಮೇಲೆ ಅವಳು ತಲೆ ಬಗ್ಗಿಸಿ ತನ್ನ ಕಾಲು ನೋಡಿದಳು.

ಆಸ್ಪತ್ರೆಯಲ್ಲಿ ವೈದ್ಯರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಪ್ಲಾಸ್ಟರ್ ಯಾರು ತೆಗೆದದ್ದು ಎಂದು ಕೇಳಿದರು. ನಾನೊಬ್ಬಳೇ ಎಂದಳು ದೊಡ್ಡಮ್ಮ. ನಾನು ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕತ್ತರಿ ತಂದದ್ದು ನಾನು, ಕಾಲು ಹಿಡಿದದ್ದು ನಾನು. ಮೂಳೆ ಸರಿದುಹೋಗಿತ್ತು. ಕೊಯ್ದು, ಲೋಹದ ಪಟ್ಟಿ ಇಟ್ಟು, ತಿರುಪು ಹಾಕಿದರು. ನಡೆಯಬಹುದು, ಆದರೆ ಪಾದದ ಗಂಟು ಮೊದಲಿನ ಹಾಗೆ ಮಡಚುವುದಿಲ್ಲ, ಇನ್ನು ಭಾರ ಹೊರುವಂತಿಲ್ಲ ಎಂದರು. ಬರುವ ವಾರ ಹೊರಬಹುದಾ ಎಂದು ಅವಳು ಕೇಳಲಿಲ್ಲ. ಯಾವತ್ತಾದರೂ ಹೊರಬಹುದಾ ಎಂದು ಸಹ ಕೇಳಲಿಲ್ಲ.

ಹಬ್ಬ ಮುಗಿದು ಹನ್ನೆರಡು ದಿನವಾಯಿತು. ದಾರಿ ಈಗ ಕೈಗಾಡಿಯದು. ಆದರೆ ಗಾಡಿ ಮೆಟ್ಟಿಲು ಹತ್ತುವುದಿಲ್ಲ. ಮಾರುಕಟ್ಟೆಯ ಮೂರನೇ ಅಂತಸ್ತಿನ ಹೊಲಿಗೆ ಕೋಣೆಗಳಲ್ಲಿ ಹನ್ನೊಂದು ಜನ ಇದ್ದಾರೆ. ಅವರ ಊಟವನ್ನು ನಿಲ್ಲಿಸಿಬಿಡುತ್ತೇನೆ ಎಂದು ಗೀಸುಕ್ ಮೊನ್ನೆ ಹೇಳಿದಳು. ನಾನು ಹೊರುತ್ತೇನೆ ಎಂದೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ.

ದೊಡ್ಡಮ್ಮನಿಗೆ ಅದು ಸರಿಬರಲಿಲ್ಲ. ಹೈಸ್ಕೂಲಿನ ಪರೀಕ್ಷೆ ಕಟ್ಟು, ನನ್ನ ಸಿಂಬೆ ಮುಟ್ಟಬೇಡ ಎಂದಳು. "ನೆಲ ನೋಡ್ಕೊಂಡು ನಡೆಯೋಳು ನೀನು. ನಿನ್ನ ತಲೆ ಮೇಲೆ ಬಟ್ಟಲು ನಿಲ್ಲುತ್ತಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳದ್ದನ್ನು ನಾನು ಮುಟ್ಟಲಿಲ್ಲ. ಹಳೇ ಟವೆಲಿನಿಂದ ನನ್ನದೇ ಒಂದು ಸಿಂಬೆ ಸುತ್ತಿಕೊಂಡೆ. ಇವತ್ತು ಮಧ್ಯಾಹ್ನ ನೀರಿನ ಬಟ್ಟಲು ಇಟ್ಟ ತಟ್ಟೆ ಹೊತ್ತು ಕೋಣೆಯಲ್ಲಿ ನಡೆದೆ. ನಾಲ್ಕು ಸಲ ಚೆಲ್ಲಿತು. ಹಾಸಿಗೆಯ ಅಂಚು ಒದ್ದೆಯಾಯಿತು. ಐದನೇ ಸಲ ಅರ್ಧ ದಾರಿಗೆ ಬಂದಾಗ ಹಿಂದಿನಿಂದ ದೊಡ್ಡಮ್ಮನ ದನಿ ಬಂತು.

"ಗಲ್ಲ ಎತ್ತು."

ಎತ್ತಿದೆ. ಬಾಗಿಲು ಮುಟ್ಟಿದೆ. ತಿರುಗಿ ನೋಡಿದಾಗ ಅವಳು ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದಳು.

ನಾಳೆ ಬೆಳಗ್ಗೆ ಹತ್ತೂವರೆಗೆ ಹೋಟೆಲಿಗೆ ಹೋಗುತ್ತೇನೆ. ಒಂದು ಸಲಕ್ಕೆ ಒಂದೇ ತಟ್ಟೆಯಂತೆ ಆರು ಸಲ ಮೂರನೇ ಅಂತಸ್ತು ಹತ್ತುತ್ತೇನೆ. ದಾರಿ ಬಿಡಿ ಎಂದು ಕೂಗುತ್ತೇನೆ. ಮೂರು ಗಂಟೆಗೆ ಮನೆಗೆ ಬಂದು ದೊಡ್ಡಮ್ಮನನ್ನು ಅಂಗಳಕ್ಕೆ ಇಳಿಸಿ, ಮೂಳೆ ಕುದಿಯಲು ಇಡುತ್ತೇನೆ.